ಅಕ್ಕನ ಬದುಕನ್ನು ಬರೆದಿಡುವುದು ಹೇಗೆ: ಪತಿಗೂ ಒಡಹುಟ್ಟಿದವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನು ಒಮ್ಮೆ ಗಮನಿಸಿ ಓದಿ. ತೀರಿಕೊಂಡ ಗಂಡಸಿನ ಹೆಸರಿನ ಕೆಳಗೆ ಸಾಮಾನ್ಯವಾಗಿ ಹುದ್ದೆ ಇರುತ್ತದೆ, ಊರಿಗೆ ಮಾಡಿದ ಕೆಲಸ ಇರುತ್ತದೆ. ಹೆಂಗಸಿನ ಹೆಸರಿನ ಕೆಳಗೆ ಇಂಥವರ ಧರ್ಮಪತ್ನಿ, ಮಮತಾಮಯಿ, ಸದ್ಗೃಹಿಣಿ ಎಂದಿರುತ್ತದೆ. ಫೋಟೋ ಬದಲಿಸಿ ಬೇರೊಬ್ಬರ ಹೆಸರು ಹಾಕಿದರೂ ಆ ಮಾತುಗಳು ಹಾಗೆಯೇ ಹೊಂದಿಕೊಳ್ಳುತ್ತವೆ. ತನಗೆ ಬೇಕಾದದ್ದನ್ನು ಹಟ ಹಿಡಿದು ಓದಿದವಳು, ಸರಿಯಲ್ಲ ಎನ್ನಿಸಿದ್ದನ್ನು ತುಂಬಿದ ಮನೆಯಲ್ಲಿ ಎದ್ದು ನಿಂತು ಹೇಳಿದವಳು, ಯಾರನ್ನೂ ಕೇಳದೆ ತನ್ನ ದುಡ್ಡಿನಲ್ಲಿ ಗಾಡಿ ಕೊಂಡು ತಂದವಳು ಆ ಚೌಕದೊಳಗೆ ಕಾಣುವುದೇ ಇಲ್ಲ.

ಅಂಥ ಹೆಣ್ಣುಮಗಳನ್ನು ಕಳೆದುಕೊಂಡ ಗಂಡಂದಿರಿಗಾಗಿ, ತಮ್ಮಂದಿರಿಗಾಗಿ, ತಂಗಿಯರಿಗಾಗಿ, ಅಣ್ಣ ಅಕ್ಕಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಕ್ಕ ತೀರಿಕೊಂಡ ಮೇಲೆ ಭಾವ ಮತ್ತು ನಾನು ಸೇರಿ ಅವಳ ಬದುಕಿನ ಒಂದು ಪುಸ್ತಕ ಮಾಡಿದೆವು. ಆಮೇಲೆ ನೆಂಟರಲ್ಲಿ, ಗೆಳೆಯರಲ್ಲಿ ಇಂಥದೇ ಕೆಲಸಕ್ಕೆ ಕೈ ಹಾಕಿದವರ ಜೊತೆ ಕೂತಿದ್ದೇನೆ. ಈ ಕೆಲಸವನ್ನು ಗಂಡನೊಬ್ಬನೇ ಮಾಡಲಾರ, ತವರಿನವರಷ್ಟೇ ಮಾಡಿದರೂ ಸಾಲದು. ಮದುವೆಗೆ ಮುಂಚಿನವಳು ತವರಿಗೆ ಗೊತ್ತು, ಆಮೇಲಿನವಳು ಗಂಡನಿಗೆ ಗೊತ್ತು. ನಮ್ಮಲ್ಲಿ ಹೆಣ್ಣಿನ ಬದುಕು ಎರಡು ಮನೆಗಳಲ್ಲಿ ಹಂಚಿಹೋಗಿರುತ್ತದೆ. ಅವಳು ಹೋದ ಮೇಲೆ ಆ ಎರಡು ಮನೆಗಳ ನಡುವಿನ ಓಡಾಟವೂ ಕಡಿಮೆಯಾಗುತ್ತದೆ. ಅದಕ್ಕೇ ಬೇಗ ಶುರು ಮಾಡಿ, ಇಬ್ಬರೂ ಸೇರಿ ಶುರು ಮಾಡಿ.

ಮೊದಲ ಹೆಜ್ಜೆ: ಯಾವುದೂ ಮನೆಯಿಂದ ಹೊರಗೆ ಹೋಗದಿರಲಿ

ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ, ನಿಮ್ಮ ಮನೆಯ ಪದ್ಧತಿಯಂತೆ ಕಾರ್ಯ ಮುಗಿಯುವ ಹೊತ್ತಿಗೆ ಬಂದ ನೆಂಟರು ಒಳ್ಳೆಯ ಮನಸ್ಸಿನಿಂದಲೇ ಬೀರು ತೆಗೆದಿರುತ್ತಾರೆ. ಸೀರೆಗಳು ಹಂಚಿಹೋಗುತ್ತವೆ, ಹಳೆಯ ಕಾಗದಗಳು ರದ್ದಿಗೆ ಬೀಳುತ್ತವೆ, ಕೈಚೀಲ ಖಾಲಿಯಾಗುತ್ತದೆ. ಆ ಕೈಚೀಲದಲ್ಲಿದ್ದ ಬಸ್ ಪಾಸು, ಗ್ರಂಥಾಲಯದ ಕಾರ್ಡು, ಟೈಲರ್ ಅಂಗಡಿಯ ಚೀಟಿ ಎಲ್ಲವೂ ನಿಮಗೆ ಬೇಕು. ಮನೆಯ ಹಿರಿಯರೊಬ್ಬರ ಬಾಯಿಂದಲೇ ಹೇಳಿಸಿ: "ವರ್ಷದ ತಿಥಿಯವರೆಗೆ ಅವಳ ಬೀರು ಹೀಗೆಯೇ ಇರಲಿ." ಕಿರಿಯರು ಹೇಳಿದರೆ ಭಾವುಕತೆ ಎಂದು ತಳ್ಳಿಹಾಕುತ್ತಾರೆ, ಹಿರಿಯರು ಹೇಳಿದರೆ ನಡೆಯುತ್ತದೆ. ಒಂದು ಸೀರೆಯನ್ನು ಕೊಡಲೇಬೇಕಾಗಿ ಬಂದರೆ ಕೊಡುವ ಮುಂಚೆ ಅದರ ಫೋಟೋ ತೆಗೆದು, ಯಾವಾಗ ಎಲ್ಲಿ ಕೊಂಡದ್ದು ಎಂದು ಗೊತ್ತಿರುವವರನ್ನು ಕೇಳಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಆತುರದ್ದು ತೀರಿಕೊಂಡವರ ಮೊಬೈಲ್. ಚಾರ್ಜ್ ಇಳಿಯಲು ಬಿಡಬೇಡಿ, ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಿರಿ. 90 ದಿನ ಬಳಕೆ ಇಲ್ಲದಿದ್ದರೆ ನಮ್ಮ ದೇಶದಲ್ಲಿ ಸಿಮ್ ನಿಷ್ಕ್ರಿಯವಾಗಬಹುದು, ಆಮೇಲೆ ಆ ಸಂಖ್ಯೆ ಬೇರೆ ಯಾರಿಗೋ ಹೋಗುತ್ತದೆ. ವಾಟ್ಸ್‌ಆ್ಯಪ್ ಖಾತೆ 120 ದಿನ ನಿಷ್ಕ್ರಿಯವಾಗಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಗೂಗಲ್ ಖಾತೆಯನ್ನು ಎರಡು ವರ್ಷ ಯಾರೂ ತೆರೆಯದಿದ್ದರೆ ಅದರೊಳಗಿನ ಫೋಟೋಗಳ ಸಮೇತ ಅಳಿಸುವ ನಿಯಮವಿದೆ. ಹಾಗಾಗಿ ಫೋಟೋ, ವಿಡಿಯೋ, ಧ್ವನಿ ಸಂದೇಶಗಳನ್ನು ಮೊದಲ ತಿಂಗಳಲ್ಲೇ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಇಳಿಸಿಕೊಳ್ಳಿ. ತೀರಿಕೊಂಡವರ ಫೇಸ್‌ಬುಕ್ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸಲು ಮರಣ ಪ್ರಮಾಣಪತ್ರ ಕೊಟ್ಟು ಕೋರಬಹುದು. ಅದೇ ಮೊಬೈಲಿಗೆ ಬರುವ ಒಟಿಪಿ ಬಳಸಿ ಅವರ ಬ್ಯಾಂಕ್ ಖಾತೆಯನ್ನು ಮಾತ್ರ ನಡೆಸಬೇಡಿ. ಅದಕ್ಕೆ ನಾಮಿನಿಯ ದಾರಿ, ವಾರಸುದಾರರ ದಾರಿ ಬೇರೆ ಇದೆ.

ಧ್ವನಿ ಸಂದೇಶಗಳ ಬಗ್ಗೆ ಇನ್ನೊಂದು ಮಾತು. "ಹಾಲು ತಂದೆಯಾ?", "ಬಸ್ಸು ಇನ್ನೂ ಬಂದಿಲ್ಲ", "ಅವನಿಗೆ ಫೋನ್ ಮಾಡು, ನಾನು ಹೇಳಿದರೆ ಕೇಳುವುದಿಲ್ಲ" ಎಂಬಂಥ ಪುಟ್ಟ ಸಂದೇಶಗಳನ್ನು ಕೆಲಸಕ್ಕೆ ಬಾರದವು ಎಂದು ಬಿಟ್ಟುಬಿಡಬೇಡಿ. ಮದುವೆಯ ವಿಡಿಯೋದಲ್ಲಿ ಎಲ್ಲರೂ ಕ್ಯಾಮೆರಾಕ್ಕಾಗಿ ಮಾತಾಡಿರುತ್ತಾರೆ. ಅವರು ದಿನವೂ ಮಾತಾಡುತ್ತಿದ್ದ ರೀತಿ ಉಳಿದಿರುವುದು ಇಲ್ಲಿಯೇ. ಬೇರೆಯವರ ಮೊಬೈಲುಗಳಲ್ಲೂ ಇಂಥವು ಇರುತ್ತವೆ. ಅವರವರನ್ನು ಕೇಳಿ ತರಿಸಿಕೊಳ್ಳಿ.

ಮರಣ ನೋಂದಣಿಯ ಕಾಲಮಿತಿ 21 ದಿನ. ಪ್ರಮಾಣಪತ್ರದಲ್ಲಿ ಹೆಸರು ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಇರುವಂತೆಯೇ ಬರೆಯಲ್ಪಟ್ಟಿದೆಯೇ ಎಂದು ನೋಡಿಕೊಳ್ಳಿ, ಹೆಚ್ಚಿನ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಕಾಗದಪತ್ರಗಳನ್ನು ಓದುವುದು

ಟ್ರಂಕು, ಬೀರು, ಅಡುಗೆಮನೆಯ ಮೇಲಿನ ಅಟ್ಟ, ತವರುಮನೆಯ ಅಟ್ಟ ಎಲ್ಲವನ್ನೂ ಹುಡುಕಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಕಾಲೇಜಿನ ಗುರುತಿನ ಚೀಟಿ, ಲಗ್ನಪತ್ರಿಕೆ, ಪಡಿತರ ಚೀಟಿ, ಬ್ಯಾಂಕಿನ ಮೊದಲ ಪಾಸ್‌ಬುಕ್, ಇನ್‌ಲ್ಯಾಂಡ್ ಪತ್ರಗಳು, ಮನೆಖರ್ಚಿನ ಲೆಕ್ಕದ ಪುಸ್ತಕ, ರಂಗೋಲಿಯ ಪುಸ್ತಕ, ಹಾಡು ಬರೆದುಕೊಂಡ ಪುಸ್ತಕ, ಅಡುಗೆಯ ಚೀಟಿಗಳು. ಪ್ರತಿಯೊಂದನ್ನೂ ಎತ್ತಿಕೊಂಡಾಗ ಇದರಲ್ಲಿ ಅವರ ತೀರ್ಮಾನ ಎಲ್ಲಿದೆ ಎಂದು ಕೇಳಿಕೊಳ್ಳಿ. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಯಾರಿಗೋ ಹೋಗುತ್ತಿದ್ದರೆ ಅದೊಂದು ಕಥೆ. ಲೆಕ್ಕದ ಪುಸ್ತಕದಲ್ಲಿ ಹಾಲು, ಸೋಪು, ಬೇಳೆಯ ನಡುವೆ ಒಂದು ಪುಸ್ತಕದ ಬೆಲೆ ಬರೆದಿದ್ದರೆ ಅದೂ ಒಂದು ಕಥೆ.

ಸರ್ಕಾರಿ ನೌಕರಿಯಲ್ಲಿದ್ದವರಾದರೆ ಸೇವಾ ಪುಸ್ತಕದ ಪ್ರತಿ ಸಿಗುತ್ತದೆಯೇ ಎಂದು ವಿಚಾರಿಸಿ. ನನ್ನ ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗ ಬೇಡವೆಂದು ಬರೆದುಕೊಟ್ಟಿದ್ದಳು ಎಂಬುದು ನಮಗೆ ಗೊತ್ತಾದದ್ದು ಆ ಕಾಗದಗಳಿಂದ. ಭಾವನಿಗಾಗಿ, ಮಕ್ಕಳಿಗಾಗಿ ಬಿಟ್ಟಿರಬೇಕು ಎಂದು ಮನೆಯವರೆಲ್ಲ ಒಂದೇ ಉಸಿರಿಗೆ ಹೇಳಿದರು. ಅವಳ ಸಹೋದ್ಯೋಗಿಯೊಬ್ಬರು ಬೇರೆಯೇ ಹೇಳಿದರು: ಕಚೇರಿಯ ಕಡತ ನೋಡುತ್ತಾ ಕೂತರೆ ತರಗತಿ ತಪ್ಪುತ್ತದೆ, ನನಗೆ ಹತ್ತನೆಯ ತರಗತಿಯ ರೇಖಾಗಣಿತ ಬೇಕು ಎಂದಿದ್ದಳಂತೆ. ಹೆಣ್ಣು ಏನನ್ನಾದರೂ ಬಿಟ್ಟುಕೊಟ್ಟರೆ ಅದನ್ನು ತ್ಯಾಗವೆಂದು ಓದುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೇರೂರಿದೆ. ಪ್ರತಿ "ತ್ಯಾಗ"ದ ಹಿಂದೆಯೂ ಅವರಿಗೇ ಬೇಕಾಗಿದ್ದ ಏನಾದರೂ ಇತ್ತೇ ಎಂದು ಒಮ್ಮೆ ವಿಚಾರಿಸದೆ ಆ ಪದವನ್ನು ಬರೆಯಬೇಡಿ.

ಹುಟ್ಟಿದ ದಿನಾಂಕದಲ್ಲಿ ತೊಡಕು ಬರುತ್ತದೆ. ಹಳೆಯ ತಲೆಮಾರಿನ ಅನೇಕರ ಶಾಲಾ ದಾಖಲೆಯಲ್ಲಿ ಜೂನ್ 1 ಎಂದು ಇರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಸರಿಹೊಂದುವಂತೆ ಬರೆದುಕೊಂಡದ್ದು ಅದು. ಜಾತಕ ಇದ್ದರೆ ಅದರಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ ಇರುತ್ತವೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಲೆಕ್ಕ ಕಷ್ಟವಲ್ಲ: ಶಾರ್ವರಿ ಎಂದಿದ್ದರೆ 1960ರ ಯುಗಾದಿಯಿಂದ 1961ರ ಯುಗಾದಿಯವರೆಗೆ, ಕ್ರೋಧಿ ಎಂದಿದ್ದರೆ 1964ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಶಾರ್ವರಿಯ ಶ್ರಾವಣ ಎಂದರೆ 1960ರ ಜುಲೈ ಕೊನೆ ಅಥವಾ ಆಗಸ್ಟ್. ಜಾತಕವಿಲ್ಲದಿದ್ದರೆ ಹಿರಿಯ ಅತ್ತೆಯೋ ಚಿಕ್ಕಮ್ಮನೋ "ದೊಡ್ಡ ಮಳೆ ಬಂದು ಕೆರೆ ಒಡೆದ ವರ್ಷ" ಎಂದಾರು. ಅದನ್ನೂ ಹಾಗೆಯೇ ಬರೆದುಕೊಳ್ಳಿ. ಪುಸ್ತಕದಲ್ಲಿ ಎರಡೂ ದಿನಾಂಕಗಳು ಇರಲಿ.

ಹೆಸರನ್ನೂ ಗಮನಿಸಿ. ಅಂಕಪಟ್ಟಿಯಲ್ಲಿ ಒಂದು ಇನಿಶಿಯಲ್, ಲಗ್ನಪತ್ರಿಕೆಯ ನಂತರ ಇನ್ನೊಂದು, ಗಂಡನ ಮನೆಯಲ್ಲಿ ಇಟ್ಟ ಹೊಸ ಹೆಸರು ಇದ್ದರೆ ಮತ್ತೊಂದು, ಮನೆಯಲ್ಲಿ ಕರೆಯುತ್ತಿದ್ದದ್ದು ಬೇರೆ. ಅವರು ತಮ್ಮ ಸ್ವಂತ ಪುಸ್ತಕಗಳ ಮೊದಲ ಪುಟದಲ್ಲಿ ಯಾವ ಹೆಸರು ಬರೆದುಕೊಳ್ಳುತ್ತಿದ್ದರೋ ಅದೇ ನಿಮ್ಮ ಪುಸ್ತಕದ ಮುಖಪುಟಕ್ಕೆ ಬರಬೇಕು ಎನ್ನುವುದು ನನ್ನ ಅಭಿಪ್ರಾಯ.

ದಿನಚರಿ ಸಿಕ್ಕರೆ? ಗಂಡನಾದರೂ, ಒಡಹುಟ್ಟಿದವರಾದರೂ, ಕೂಡಲೇ ತೆರೆದು ಓದಬೇಡಿ. ಯಾರಿಗಾದರೂ ತೋರಿಸುತ್ತಿದ್ದರೇ, ಬೀಗ ಹಾಕಿಡುತ್ತಿದ್ದರೇ, ಸುಟ್ಟುಬಿಡು ಎಂದು ಯಾರಿಗಾದರೂ ಹೇಳಿದ್ದರೇ ಎಂದು ಅವರ ಆಪ್ತ ಗೆಳತಿಯನ್ನು ಕೇಳಿ. ಬದುಕಿದ್ದಾಗ ಗುಟ್ಟಾಗಿ ಇಟ್ಟಿದ್ದರೆ ಅದು ಪುಸ್ತಕಕ್ಕೆ ಬೇಡ. ಅವರ ಸ್ವಾತಂತ್ರ್ಯವನ್ನು ಹೊಗಳಲು ಹೊರಟ ಪುಸ್ತಕ ಅವರ ಬೀಗ ಒಡೆಯುವುದರಿಂದ ಶುರುವಾಗಬಾರದು.

ಮೂರನೆಯ ಹೆಜ್ಜೆ: ಫೋಟೋಗಳು

ಹಳೆಯ ಫೋಟೋಗಳನ್ನು ಸ್ಕ್ಯಾನರಿನಲ್ಲಿ 600 ಡಿಪಿಐಗೆ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಸ್ಪಷ್ಟತೆಯ ಅಳತೆ) ಇಟ್ಟು ಸ್ಕ್ಯಾನ್ ಮಾಡಿ. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಚಿತ್ರಗಳಿಗೆ 1200. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಷ್ ಇಲ್ಲದೆ ಮೊಬೈಲಿನಲ್ಲಿ ತೆಗೆಯಬಹುದು. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಕಚ್ಚಿಕೊಂಡಿರುವ ಫೋಟೋವನ್ನು ಎಳೆದು ಕೀಳಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ, ಊರಿನ ಹೆಸರು ಅಲ್ಲಿರುತ್ತವೆ. ಹೊಸದಾಗಿ ಏನನ್ನಾದರೂ ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲ್ ಬಳಸಿ, ಬಾಲ್ ಪೆನ್ ಬೇಡ.

ಮನೆಯ ಚಿತ್ರಗಳಲ್ಲಿ ಹೆಂಗಸರು ಅಂಚಿನಲ್ಲಿ, ಹಿಂದಿನ ಸಾಲಿನಲ್ಲಿ, ತಟ್ಟೆ ಹಿಡಿದು, ಮಗು ಎತ್ತಿಕೊಂಡು ನಿಂತಿರುತ್ತಾರೆ. ಒಬ್ಬರೇ ಇರುವ ಚಿತ್ರ ಬೇಕೆಂದರೆ ಅವರ ಗೆಳತಿಯರ ಆಲ್ಬಮ್ಮುಗಳನ್ನು ನೋಡಿ. ಕಾಲೇಜಿನ ಪ್ರವಾಸ, ಶಾಲೆಯ ವಾರ್ಷಿಕೋತ್ಸವ, ಮಹಿಳಾ ಸಮಾಜದ ನಾಟಕ, ಚುನಾವಣಾ ಕರ್ತವ್ಯದ ದಿನ: ಅವರು ಅವರಾಗಿಯೇ ನಿಂತಿರುವ ಚಿತ್ರಗಳು ಮನೆಯ ಆಚೆಯೇ ಹೆಚ್ಚು ಸಿಗುತ್ತವೆ.

ನಾಲ್ಕನೆಯ ಹೆಜ್ಜೆ: ಜನರ ಮಾತು ಕೇಳುವುದು

ಈ ಹೆಜ್ಜೆಗೆ ನಿಮ್ಮ ಅರ್ಧ ಸಮಯ ಕೊಡಿ. ಕಾಗದದಲ್ಲಿ ಇಲ್ಲದ್ದೆಲ್ಲ ಇಲ್ಲಿದೆ, ಇದೇ ಬೇಗ ಕಳೆದುಹೋಗುವುದೂ ಹೌದು.

ವಯಸ್ಸಾದವರಿಂದ ಶುರು ಮಾಡಿ. ಸೋದರತ್ತೆ, ದೊಡ್ಡಮ್ಮ, ಪಕ್ಕದ ಮನೆಯ ಅಜ್ಜಿ. ಬೆಳಿಗ್ಗೆ ತಿಂಡಿಯಾದ ಮೇಲಿನ ಹೊತ್ತು ಒಳ್ಳೆಯದು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ರೆಕಾರ್ಡಿಂಗ್ ಶುರು ಮಾಡಿ, ಫ್ಯಾನ್ ನಿಲ್ಲಿಸಿ, ಟಿವಿ ಆರಿಸಿ. ಮೊದಲಿಗೆ ಹೆಸರು, ಊರು, ದಿನಾಂಕ ಹೇಳಿ. ರೆಕಾರ್ಡ್ ಮಾಡುತ್ತಿರುವುದನ್ನು ತಿಳಿಸಿ ಒಪ್ಪಿಗೆ ಪಡೆಯಿರಿ. ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ, ಇನ್ನೊಂದು ದಿನ ಮತ್ತೆ ಬನ್ನಿ. ಎರಡನೆಯ ಭೇಟಿಯಲ್ಲಿ ಹೊರಬರುವ ಮಾತು ಮೊದಲ ಭೇಟಿಯಲ್ಲಿ ಬರುವುದಿಲ್ಲ. ಹಳೆಯ ಫೋಟೋ ಒಂದನ್ನು ಕೈಗೆ ಕೊಟ್ಟರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪಟ್ಟಿ ನೆಂಟರಿಗೇ ಮುಗಿಯದಿರಲಿ. ಮನೆಗೆಲಸಕ್ಕೆ ಬರುತ್ತಿದ್ದವರು, ರವಿಕೆ ಹೊಲಿಯುತ್ತಿದ್ದ ಟೈಲರ್, ಸೊಪ್ಪು ಮಾರುವವರು, ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದವರು, ಸ್ವಸಹಾಯ ಸಂಘದ ಸದಸ್ಯೆಯರು, ಅವರ ಹಳೆಯ ವಿದ್ಯಾರ್ಥಿಗಳು. ಮನೆಯವರಿಗೆ ಅವರು ಏನಾಗಿ ಬೇಕಾಗಿತ್ತೋ ಆ ಬೇಡಿಕೆ ಇವರಿಗೆ ಇರಲಿಲ್ಲ. ಹಾಗಾಗಿ ಇವರು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾರೆ.

"ಅವರು ಹೇಗಿದ್ದರು?" ಎಂದು ಕೇಳಿದರೆ "ತುಂಬಾ ಒಳ್ಳೆಯವರು" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಹೀಗೆ ಕೇಳಿ:

ಅವರು ಯಾವುದಕ್ಕೆ ಒಲ್ಲೆ ಎಂದರು? ಯಾರ ಮುಂದೆ ಎಂದರು, ಆಮೇಲೆ ಏನಾಯಿತು?
ಮೊದಲ ಸಂಬಳದಲ್ಲಿ ಏನು ಕೊಂಡರು, ಯಾರಿಗೆ ಕೊಟ್ಟರು?
ದುಡ್ಡನ್ನು ಎಲ್ಲಿ ಬಚ್ಚಿಡುತ್ತಿದ್ದರು?
ಸೈಕಲ್, ಲೂನಾ, ಸ್ಕೂಟರ್ ಕಲಿಸಿದವರು ಯಾರು? ಎಲ್ಲಿ ಬಿದ್ದರು?
ಯಾರ ಜೊತೆ ಮಾತು ಬಿಟ್ಟಿದ್ದರು? ಮತ್ತೆ ಮಾತು ಶುರು ಮಾಡಿದ್ದು ಯಾರು?
ಮನೆಯಲ್ಲಿ ಯಾರೂ ಇಲ್ಲದಾಗ ಏನು ಮಾಡುತ್ತಿದ್ದರು?
ನಿಮಗೆ ಅವರ ಮೇಲೆ ಕೋಪ ಬಂದದ್ದು ಯಾವಾಗ?

ಕೊನೆಯ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ಸ್ವಂತ ಬುದ್ಧಿಯಿದ್ದ ಹೆಂಗಸಿನ ಮೇಲೆ ಮನೆಯವರಿಗೆ ಎಂದಾದರೂ ಕೋಪ ಬಂದೇ ಇರುತ್ತದೆ, ಅವರ ಬುದ್ಧಿ ಎಂಥದು ಎಂಬುದು ಆ ಸಂದರ್ಭದಲ್ಲೇ ನಿಚ್ಚಳವಾಗಿ ಕಾಣುತ್ತದೆ.

ಗಂಡನನ್ನೂ ಒಡಹುಟ್ಟಿದವರನ್ನೂ ಮೊದಲು ಬೇರೆ ಬೇರೆಯಾಗಿ ಕೂರಿಸಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ನನ್ನ ಅಕ್ಕನನ್ನು ನಾವು ತವರಿನವರು ಮುಂಗೋಪಿ ಎಂದು ತಿಳಿದಿದ್ದೆವು. ಭಾವ ಕಂಡವಳು ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಒಂದೇ ವಾಕ್ಯದಲ್ಲಿ ಉತ್ತರ ಹೇಳುವವಳು. ಯಾರದು ಸರಿ ಎಂದು ತೀರ್ಮಾನಿಸಲು ಹೋಗಲಿಲ್ಲ, ಎರಡನ್ನೂ ಬರೆದೆವು.

ಐದನೆಯ ಹೆಜ್ಜೆ: ತೀರ್ಮಾನಗಳ ಪಟ್ಟಿ

ಉದ್ದನೆಯ ಒಂದು ಹಾಳೆಯಲ್ಲಿ ಎಡಗಡೆ ಇಸವಿ ಬರೆಯಿರಿ. ನಡುವೆ ಹುಟ್ಟು, ಶಾಲೆ, ಮದುವೆ, ಹೆರಿಗೆ, ವರ್ಗಾವಣೆ, ಕಾಯಿಲೆ ಎಂದು ನಡೆದದ್ದನ್ನೆಲ್ಲ ಬರೆಯಿರಿ. ಬಲಗಡೆ ಅವರೇ ಆರಿಸಿಕೊಂಡದ್ದನ್ನು ಮಾತ್ರ ಬರೆಯಿರಿ: ವಿಜ್ಞಾನ ತೆಗೆದುಕೊಂಡದ್ದು, ಮೊದಲು ನೋಡಿದ ಗಂಡನ್ನು ಬೇಡವೆಂದದ್ದು, ಎರಡನೆಯ ಮಗುವಾದ ಮೇಲೆ ಬಿ.ಇಡಿ. ಮಾಡಿದ್ದು, ಮಗಳನ್ನು ಹಾಸ್ಟೆಲಿಗೆ ಕಳಿಸಿದ್ದು. ಬಲಗಡೆಯ ಸಾಲು ಮೊದಮೊದಲು ಖಾಲಿ ಕಾಣುತ್ತದೆ. ಜನರ ಮಾತು ಕೇಳುತ್ತಾ ಹೋದಂತೆ ತುಂಬುತ್ತದೆ. ನಿಮ್ಮ ಪುಸ್ತಕದ ಅಧ್ಯಾಯಗಳು ಆ ಸಾಲಿನಿಂದ ಬರಬೇಕು.

ಆಸ್ತಿಯ ವಿಷಯ ಇಲ್ಲಿಯೇ ಎದುರಾಗುತ್ತದೆ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ಬಂದ 1994ರ ತಿದ್ದುಪಡಿ, ಅದಕ್ಕೆ ಮುಂಚೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಕೊಟ್ಟಿತು. 2005ರಲ್ಲಿ ದೇಶದ ಕಾನೂನೂ ಬದಲಾಗಿ ಮದುವೆಯಾದವರಿಗೂ ಆ ಹಕ್ಕು ಸಿಕ್ಕಿತು. ಕಾನೂನು ಬಂದರೂ ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳು ಅರಿಸಿನ ಕುಂಕುಮ, ಸೀರೆ ತೆಗೆದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದೇ ನಡೆದುಬಂದಿದೆ. ನಿಮ್ಮ ಅಕ್ಕ ಸಹಿ ಹಾಕಿರಬಹುದು, ಹಾಕುವುದಿಲ್ಲ ಎಂದಿರಬಹುದು, ಪಾಲು ಪಡೆದು ಅದನ್ನು ತಂಗಿಗೆ ಕೊಟ್ಟಿರಬಹುದು. ಪಾಲು ಕೇಳಿದ್ದರೆ ತವರಿನಲ್ಲಿ ಅದಕ್ಕೆ "ಹಟ" ಎಂದು ಹೆಸರಿಟ್ಟಿರುತ್ತಾರೆ. ಬರೆಯುವವನು ತಮ್ಮನಾದರೆ ಅವನೂ ಆ ಜಗಳದ ಒಂದು ಪಕ್ಷ. ಹಾಗಿದ್ದಾಗ ಈ ಭಾಗವನ್ನು ತಂಗಿಯೋ ಗೆಳತಿಯೋ ಬರೆಯಲಿ. ಪೂರ್ತಿ ಬಿಟ್ಟುಬಿಡುವುದು ಬೇಡ. ಅಷ್ಟು ದೊಡ್ಡ ತೀರ್ಮಾನ ಪುಸ್ತಕದಲ್ಲಿ ಇಲ್ಲದಿದ್ದರೆ, ವಿಷಯ ಗೊತ್ತಿರುವವರು ಉಳಿದ ಪುಟಗಳನ್ನೂ ನಂಬುವುದಿಲ್ಲ.

ಆರನೆಯ ಹೆಜ್ಜೆ: ಬರೆಯುವುದು

ಕೊಡಗಿನ ಗೌರಮ್ಮನವರನ್ನು ನೆನೆಯಿರಿ. 1912ರಲ್ಲಿ ಹುಟ್ಟಿ, 1939ರಲ್ಲಿ ಈಜಲು ಹೋದಾಗ ನೀರಿನಲ್ಲಿ ಮುಳುಗಿ ತೀರಿಕೊಂಡ ಕಥೆಗಾರ್ತಿ. ಬದುಕಿದ್ದು 27 ವರ್ಷ. "ಪ್ರತಿಭಾವಂತೆ, ಸ್ವತಂತ್ರ ಮನೋಭಾವದವರು" ಎಂದು ಬರೆದರೆ ಅವರ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತರು. ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟುಬಿಟ್ಟರು. ಕಥೆಗಳ ಕೆಳಗೆ ಗಂಡನ ಹೆಸರು ಸೇರಿಸಿ ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂದು ಸಹಿ ಹಾಕುತ್ತಿದ್ದರು ಎಂದು ಬರೆಯಿರಿ, ಆಗ ಒಬ್ಬ ಮನುಷ್ಯಳು ಎದ್ದು ನಿಲ್ಲುತ್ತಾಳೆ. ಗಂಡನ ಹೆಸರಿನಲ್ಲಿ ಸಹಿ ಹಾಕಿದವರೇ ಗಾಂಧೀಜಿಯ ಮುಂದೆ ಹಟ ಹಿಡಿದವರೂ ಹೌದು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮಾತ್ರ ತೋರಿಸಿದರೆ ಅವರು ಅರ್ಧವಾಗುತ್ತಾರೆ. ಅವರು ತೀರಿಕೊಂಡ ಮೇಲೆ ಬಂದ ಕಥಾಸಂಕಲನಕ್ಕೆ ಮುನ್ನುಡಿ ಬರೆದ ಬೇಂದ್ರೆಯವರು ಕವಿತೆಯಲ್ಲಿ ಅವರನ್ನು ತಂಗಿ ಎಂದೇ ಕರೆದರು. ಒಬ್ಬ ಹೆಣ್ಣುಮಗಳು ಕೊಡಗಿನಲ್ಲಿ ಒಬ್ಬರಿಗೆ ಹೆಂಡತಿಯಾಗಿದ್ದಂತೆ ಧಾರವಾಡದ ಒಬ್ಬ ಕವಿಗೆ ತಂಗಿಯಾಗಿಯೂ ಇದ್ದಳು. ನಿಮ್ಮ ಮನೆಯವರನ್ನೂ ಹೀಗೆ ತಮ್ಮವರೆಂದು ಕರೆಯುವ ಹೊರಗಿನವರು ಇದ್ದೇ ಇರುತ್ತಾರೆ. ಅವರಿಗೂ ಪುಸ್ತಕದಲ್ಲಿ ಜಾಗ ಕೊಡಿ.

ವಿಶೇಷಣ ಬರೆಯಬೇಕೆನ್ನಿಸಿದಾಗಲೆಲ್ಲ ಪೆನ್ನು ನಿಲ್ಲಿಸಿ, ಹಾಗೆನ್ನಿಸಲು ಕಾರಣವಾದ ಘಟನೆಯನ್ನು ಬರೆಯಿರಿ. "ಅಕ್ಕ ಬಹಳ ಧೈರ್ಯಶಾಲಿ, ನೇರ ನುಡಿಯವಳು" ಎಂಬುದರ ಬದಲು: "ಬೀಗರ ಕಡೆಯವರು ಊಟಕ್ಕೆ ಕೂತಾಗ ನನ್ನ ತಂಗಿಯ ಬಣ್ಣದ ಬಗ್ಗೆ ಏನೋ ಅಂದರು. ಅಕ್ಕ ಬಡಿಸುತ್ತಿದ್ದ ಸಾರಿನ ಪಾತ್ರೆಯನ್ನು ಕೆಳಗಿಟ್ಟು, ಈ ಸಂಬಂಧ ನಮಗೆ ಬೇಡ, ಊಟ ಮುಗಿಸಿ ಹೋಗಿ ಎಂದಳು. ಅಪ್ಪ ಎದ್ದು ಹೊರಗೆ ಹೋದರು. ಅಕ್ಕ ಮತ್ತೆ ಸಾರು ಬಡಿಸಿದಳು." ಧೈರ್ಯ ಎಂಬ ಪದವನ್ನು ಇನ್ನು ಓದುವವರೇ ಹೇಳಿಕೊಳ್ಳುತ್ತಾರೆ.

ಬರೆಯುವವರು ಹಲವರಾದರೆ ಎಲ್ಲರ ಬರಹವನ್ನೂ ತಿದ್ದಿ ಒಂದೇ ದನಿಗೆ ತರಬೇಡಿ. ಗಂಡ "ಅವಳು" ಎಂದು ಬರೆಯಲಿ, ತಮ್ಮ "ಅಕ್ಕ" ಎಂದು, ನಾದಿನಿ "ಅತ್ತಿಗೆ" ಎಂದು, ವಿದ್ಯಾರ್ಥಿಗಳು "ಮೇಡಂ" ಎಂದು ಬರೆಯಲಿ. ಯಾರು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದು ಆ ಕರೆಯಲ್ಲೇ ತಿಳಿಯುತ್ತದೆ. ಅವರು ಆಡಿದ ಮಾತನ್ನು ಮಾತ್ರ ಅವರ ಊರಿನ ಆಡುಮಾತಿನಲ್ಲೇ ಉಳಿಸಿ. ಧಾರವಾಡದ ಕಡೆಯವರ ಮಾತನ್ನು ಮೈಸೂರಿನ ಮಾತಾಗಿ ತಿದ್ದಿದರೆ ಅವರ ದನಿಯೇ ಹೋಗುತ್ತದೆ. ಬರೆಯಲು ಬಾರದ ಹಿರಿಯರು ಹೇಳಲಿ, ನೀವು ಬರೆದುಕೊಂಡು ಅವರಿಗೆ ಓದಿ ಕೇಳಿಸಿ ಒಪ್ಪಿಗೆ ಪಡೆಯಿರಿ.

ಗಂಡಂದಿರಿಗೆ ಒಂದು ಮಾತು. ಬರೆಯಲು ಕೂತರೆ ಕೊನೆಯ ದಿನಗಳೇ ಮೊದಲು ಬರುತ್ತವೆ, ಆಸ್ಪತ್ರೆಯ ವಾರ್ಡು, ವರದಿಗಳು, ಡಾಕ್ಟರರ ಮಾತು. ಅದನ್ನು ತಡೆಯಬೇಡಿ, ಎಲ್ಲವನ್ನೂ ಬರೆದುಬಿಡಿ, ಬರೆದು ಪಕ್ಕಕ್ಕಿಡಿ. ಆಮೇಲೆ ನೀವು ಅವರನ್ನು ಮೊದಲು ನೋಡಿದ ದಿನದಿಂದ ಶುರು ಮಾಡಿ. ಒಂದು ವರ್ಷದ ಕಾಯಿಲೆ ಅರವತ್ತು ವರ್ಷದ ಬದುಕಿನ ಅರ್ಧ ಪುಟಗಳನ್ನು ತಿನ್ನಬಾರದು. ಭಾವ ಆಸ್ಪತ್ರೆಯ ದಿನಗಳ ಬಗ್ಗೆ ಒಂದು ಇಡೀ ನೋಟ್‌ಬುಕ್ ತುಂಬಿಸಿದ್ದರು. ಪುಸ್ತಕಕ್ಕೆ ಅದರಿಂದ ಒಂದೇ ಪುಟ ಕೊಟ್ಟರು, ಉಳಿದದ್ದನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಏಳನೆಯ ಹೆಜ್ಜೆ: ಏನು ಸೇರಿಸಬೇಕು, ಏನು ಬಿಡಬೇಕು

ಅವರೇ ಎಲ್ಲರಿಗೂ ಹೇಳಿಕೊಂಡದ್ದನ್ನು ಬರೆಯಬಹುದು. ನಂಬಿ ಒಬ್ಬರಿಗೆ ಹೇಳಿದ್ದನ್ನು ಆ ಒಬ್ಬರು ಒಪ್ಪಿದರೂ ಎರಡು ಸಲ ಯೋಚಿಸಿ. ಬದುಕಿರುವ ಯಾರ ಬಗ್ಗೆ ಕಹಿ ಮಾತಿದ್ದರೂ ಅಚ್ಚಿಗೆ ಹೋಗುವ ಮುಂಚೆ ಆ ಪುಟವನ್ನು ಅವರಿಗೆ ತೋರಿಸಿ. ಹೆಸರು ತೆಗೆಯಿರಿ ಎಂದರೆ ತೆಗೆಯಿರಿ, ಘಟನೆಯನ್ನೇ ತೆಗೆಯಿರಿ ಎಂದರೆ ಗಂಡ ಮತ್ತು ಒಡಹುಟ್ಟಿದವರು ಸೇರಿ ತೀರ್ಮಾನಿಸಿ. ಅತ್ತೆ ಸೊಸೆಯ ಮುನಿಸು, ಜಾತಿ ಬಿಟ್ಟು ಮದುವೆಯಾದಾಗ ತವರು ಬಾಗಿಲು ಮುಚ್ಚಿದ್ದು, ಕೆಲಸ ಬಿಡು ಎಂದು ಗಂಡನೇ ಒತ್ತಾಯಿಸಿದ್ದು ಇಂಥವು ನೋವಿನ ವಿಷಯಗಳು. ಗಂಡ ತನ್ನ ಕೈಯಿಂದಲೇ "ನಾನು ಬೇಡವೆಂದಿದ್ದೆ, ಅವಳು ಕೇಳಲಿಲ್ಲ, ಅವಳು ಮಾಡಿದ್ದೇ ಸರಿ" ಎಂದು ಬರೆದರೆ, ಅಂಥ ಹೆಂಡತಿಗೆ ಅದಕ್ಕಿಂತ ದೊಡ್ಡ ಗೌರವ ನನಗೆ ತಿಳಿದಿಲ್ಲ.

ಎಂಟನೆಯ ಹೆಜ್ಜೆ: ಅಚ್ಚು

ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರು, ಮೊಬೈಲುಗಳಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನ ಬಂದರೆ ಪರಿವರ್ತಕದಿಂದ ಬದಲಿಸಿ, ಒತ್ತಕ್ಷರಗಳನ್ನು ಮತ್ತು ಅರ್ಕಾವತ್ತನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಅಲ್ಲಿಯೇ. ಕರಡು ತಿದ್ದಲು ಒಬ್ಬ ಭಾಷೆ ಬಲ್ಲವರೂ, ಮನೆಯ ಹೆಸರು, ಊರು, ನೆಂಟಸ್ತಿಕೆ ಗೊತ್ತಿರುವ ಒಬ್ಬರೂ ಬೇಕು.

ಸಾಮಾನ್ಯ ಕಥೆ, ಕಾದಂಬರಿ ಪುಸ್ತಕಗಳ ಅಳತೆಯಾದ ಡೆಮಿ 1/8 ಆಕಾರ ಕೈಗೆ ಹಿತ. ಒಂದು ಫಾರಂಗೆ, ಅಂದರೆ ಅಚ್ಚಿನ ಒಂದು ದೊಡ್ಡ ಹಾಳೆಗೆ, 16 ಪುಟ ಬರುವುದರಿಂದ ಒಟ್ಟು ಪುಟಗಳು 64, 80, 96 ಹೀಗೆ ಇರುವಂತೆ ನೋಡಿಕೊಂಡರೆ ಕಾಗದ ಹಾಳಾಗುವುದಿಲ್ಲ. ಒಳಪುಟಕ್ಕೆ 70 ಅಥವಾ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, ಫೋಟೋಗಳಿಗೆ ಬೇರೆಯಾಗಿ ಕೆಲವು ಪುಟ ಆರ್ಟ್ ಪೇಪರ್, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಎಂದು ಮುದ್ರಕರಿಗೆ ಹೇಳಿ. ಪ್ರತಿಗಳು ಕಡಿಮೆ ಇದ್ದರೆ ಡಿಜಿಟಲ್ ಮುದ್ರಣ ಅಗ್ಗ. ಹೆಚ್ಚಾದಂತೆ ಆಫ್‌ಸೆಟ್ ಅಗ್ಗವಾಗುತ್ತದೆ. ಮನೆಯೊಳಗೆ ಹಂಚುವುದಕ್ಕೆ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಬೇಕಿಲ್ಲ. ಅಂಗಡಿಗೆ, ಗ್ರಂಥಾಲಯಗಳಿಗೆ ಕೊಡುವ ಮನಸ್ಸಿದ್ದರೆ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿಯಿಂದ ಶುಲ್ಕವಿಲ್ಲದೆ ಪಡೆಯಬಹುದು.

ಹದಿಮೂರನೆಯ ದಿನಕ್ಕೆ ಪುಸ್ತಕ ತರಬೇಕೆಂಬ ಒತ್ತಡಕ್ಕೆ ಬೀಳಬೇಡಿ. ಅಷ್ಟರಲ್ಲಿ ಆಗುವುದು ಪತ್ರಿಕೆಯ ಶ್ರದ್ಧಾಂಜಲಿಯ ದೊಡ್ಡ ರೂಪ ಅಷ್ಟೇ. ಮೊದಲ ವರ್ಷದ ತಿಥಿ ಸರಿಯಾದ ಗಡುವು. ದುಡ್ಡಿಗೆ ತೊಂದರೆಯಿದ್ದರೆ ಅಚ್ಚು ಹಾಕಿಸದೆ ಪಿಡಿಎಫ್ ಮಾಡಿ. ಬರೆಯುವ ಅಭ್ಯಾಸವೇ ಇಲ್ಲದ ಮನೆಯಾದರೆ ರೆಕಾರ್ಡಿಂಗುಗಳನ್ನು ಹೆಸರು ದಿನಾಂಕ ಹಾಕಿ ಜೋಡಿಸಿಟ್ಟರೂ ಸಾಕು. ಎಲ್ಲವೂ ಮೂರು ಕಡೆ ಇರಲಿ: ಗಂಡನ ಮನೆಯಲ್ಲಿ, ತವರಿನಲ್ಲಿ, ಬೇರೆ ಊರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳ ಬಳಿ.

ಪ್ರತಿಗಳನ್ನು ಹಂಚುವಾಗ ಅವರು ಓದಿದ ಶಾಲೆ, ಕಲಿಸಿದ ಶಾಲೆ, ಊರಿನ ಗ್ರಂಥಾಲಯ ಮರೆಯಬೇಡಿ. ಮಾತು ಕೊಟ್ಟ ಪ್ರತಿಯೊಬ್ಬರಿಗೂ, ಟೈಲರ್ ಅಂಗಡಿಗೂ, ಸೊಪ್ಪಿನವರಿಗೂ ಒಂದೊಂದು ಪ್ರತಿಯನ್ನು ಖುದ್ದಾಗಿ ಹೋಗಿ ಕೊಡಿ. ಓದಲು ಬಾರದವರಿಗೆ ಅವರ ಮಾತು ಇರುವ ಪುಟವನ್ನು ಅಲ್ಲಿಯೇ ಕೂತು ಓದಿ ಹೇಳಿ.

ಪುಸ್ತಕ ಕೈಸೇರಿದ ಮೇಲೆ ಫೋನುಗಳು ಬರಲು ಶುರುವಾಗುತ್ತವೆ. "ಇದು ಹಾಗಲ್ಲ, ಆ ವರ್ಷ ನಾವಿಬ್ಬರೂ ಶಿವಮೊಗ್ಗದಲ್ಲಿದ್ದೆವು" ಎಂದು ಒಬ್ಬರು ತಿದ್ದುತ್ತಾರೆ, "ನನ್ನ ಹತ್ತಿರ ಅವಳು ಬರೆದ ಕಾಗದ ಇದೆ" ಎಂದು ಇನ್ನೊಬ್ಬರು ಹೇಳುತ್ತಾರೆ. ಪುಸ್ತಕದ ಒಂದು ಪ್ರತಿಯನ್ನು ಇದಕ್ಕೆಂದೇ ಎತ್ತಿಡಿ. ಪ್ರತಿ ತಿದ್ದುಪಡಿಯನ್ನೂ ಹೇಳಿದವರ ಹೆಸರು, ದಿನಾಂಕದೊಂದಿಗೆ ಅದರ ಅಂಚಿನಲ್ಲಿ ಬರೆಯಿರಿ, ಹೊಸ ಕಾಗದಗಳನ್ನು ಸ್ಕ್ಯಾನ್ ಮಾಡಿ ಸೇರಿಸಿ. ಎರಡನೆಯ ವರ್ಷದ ತಿಥಿಗೆ ಎರಡೂ ಮನೆಯವರು ಸೇರಿದಾಗ ಆ ಪ್ರತಿಯನ್ನು ನಡುವೆ ಇಟ್ಟು, ಮರುಮುದ್ರಣಕ್ಕೆ ಏನು ಸೇರಬೇಕು ಎಂದು ಅಲ್ಲಿಯೇ ಮಾತಾಡಿಕೊಳ್ಳಿ.